ಓದುಗರ ಪ್ರಶ್ನೆ: ಪಕ್ಕದ ದೇಶದಲ್ಲಿ ಕೂತ ಪ್ರಧಾನಿ

ಹಿಂದಿನ ಸಂಚಿಕೆಯ ಈ ಪುಟದಲ್ಲಿ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ವಿಚಾರ ಬಂದಿತ್ತು. ಅದೇ ಕಾಲದಲ್ಲಿ ಸೈನ್ಯದಿಂದ ಆಡಳಿತಕ್ಕೆ ಬಂದ ಇನ್ನೊಬ್ಬರೆಂದು ನಾರ್ವೆಯ ಫ್ರೆಡರಿಕ್ ದೂಎ ಅವರನ್ನು ಒಂದೇ ಸಾಲಿನಲ್ಲಿ ಹೆಸರಿಸಿದ್ದೆವು: '1841ರಿಂದ 1858ರವರೆಗೆ ಸ್ಟಾಕ್‌ಹೋಮ್‌ನಲ್ಲಿ ನಾರ್ವೆಯ ಪ್ರಧಾನಿ'. ಆ ಒಂದು ಸಾಲು ಹಿಡಿದುಕೊಂಡು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಸ್ಟಾಕ್‌ಹೋಮ್ ಇರುವುದು ಸ್ವೀಡನ್‌ನಲ್ಲಿ. ನಾರ್ವೆಯ ಪ್ರಧಾನಿ ಅಲ್ಲಿ ಹೇಗಿರಲು ಸಾಧ್ಯ? ಅಚ್ಚಿನ ತಪ್ಪೇ?
(ಪದವಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಅಚ್ಚಿನ ತಪ್ಪಲ್ಲ. ಆ ಹುದ್ದೆಯ ಹೆಸರೇ 'ಸ್ಟಾಕ್‌ಹೋಮ್‌ನಲ್ಲಿರುವ ನಾರ್ವೆಯ ಪ್ರಧಾನಿ'. ಇದು ಅರ್ಥವಾಗಬೇಕಾದರೆ 1814ನೇ ಇಸವಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಾರ್ವೆ ನಾನೂರು ವರ್ಷಕ್ಕೂ ಮಿಕ್ಕಿ ಡೆನ್ಮಾರ್ಕ್ ಜೊತೆಗಿತ್ತು. ನೆಪೋಲಿಯನ್ ಪಕ್ಷ ಹಿಡಿದು ಸೋತ ಡೆನ್ಮಾರ್ಕಿನ ರಾಜ, 1814ರ ಜನವರಿ 14ರ ಕೀಲ್ ಒಪ್ಪಂದದಲ್ಲಿ ನಾರ್ವೆಯನ್ನು ಸ್ವೀಡನ್ ರಾಜನಿಗೆ ಬಿಟ್ಟುಕೊಟ್ಟ. ನಾರ್ವೆಯ ಜನರನ್ನು ಯಾರೂ ಕೇಳಿರಲಿಲ್ಲ. ಅಲ್ಲಿದ್ದ ಡೆನ್ಮಾರ್ಕಿನ ರಾಜಕುಮಾರ ಕ್ರಿಶ್ಚಿಯನ್ ಫ್ರೆಡರಿಕ್ ಮುಂದಾಳತ್ವದಲ್ಲಿ ಅವರು ಐಡ್ಸ್‌ವೊಲ್ ಎಂಬಲ್ಲಿನ ಒಂದು ದೊಡ್ಡ ಮನೆಯಲ್ಲಿ ಏಪ್ರಿಲ್ 10ರಂದು ಸೇರಿ, ಮೇ 17ಕ್ಕೆ ಸಂವಿಧಾನ ಬರೆದು ಮುಗಿಸಿದರು. ಅಂದೇ ಆ ರಾಜಕುಮಾರನನ್ನು ತಮ್ಮ ರಾಜನೆಂದು ಆರಿಸಿಕೊಂಡರು. ಸ್ವೀಡನ್ ಒಪ್ಪಲಿಲ್ಲ. ಜುಲೈ 26ಕ್ಕೆ ಯುದ್ಧ ಶುರುವಾಗಿ ಆಗಸ್ಟ್ 14ಕ್ಕೆ ಮಾಸ್ ಪಟ್ಟಣದಲ್ಲಿ ಕದನವಿರಾಮವಾಯಿತು. ಕ್ರಿಶ್ಚಿಯನ್ ಫ್ರೆಡರಿಕ್ ಪಟ್ಟ ಬಿಡಬೇಕಾಯಿತು, ಆದರೆ ಸಂವಿಧಾನ ಉಳಿಯಿತು. ಅದನ್ನು ತಿದ್ದಿ, ನವೆಂಬರ್ 4ರಂದು ಸ್ವೀಡನ್‌ನ ರಾಜನನ್ನೇ ನಾರ್ವೆಯ ರಾಜನೆಂದು ಒಪ್ಪಿಕೊಂಡರು.

ಹೀಗೆ ರಾಜ ಒಬ್ಬನೇ, ರಾಜ್ಯ ಎರಡು. ಕಾನೂನು, ಖಜಾನೆ, ಸೈನ್ಯ, ಶಾಸನ ಸಭೆ ಎಲ್ಲ ನಾರ್ವೆಗೆ ಬೇರೆಯೇ. ವಿದೇಶ ವ್ಯವಹಾರ ಮಾತ್ರ ಸ್ವೀಡನ್‌ನ ಮಂತ್ರಿಯ ಕೈಯಲ್ಲಿ. ರಾಜ ವರ್ಷದ ಹೆಚ್ಚಿನ ಕಾಲ ಸ್ಟಾಕ್‌ಹೋಮ್‌ನಲ್ಲಿ ಇರುತ್ತಿದ್ದುದರಿಂದ, ಅವನ ಬಳಿ ನಾರ್ವೆಯ ಪ್ರಧಾನಿ ಮತ್ತು ಇಬ್ಬರು ಮಂತ್ರಿಗಳು ಸದಾ ಇರಬೇಕೆಂದು ಸಂವಿಧಾನದ 15ನೇ ಕಲಮು ಹೇಳಿತು. ಆ ಇಬ್ಬರು ಮಂತ್ರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಪ್ರಧಾನಿ ಮಾತ್ರ ಅಲ್ಲೇ ಕಾಯಂ. ಉಳಿದ ಸರ್ಕಾರವೆಲ್ಲ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ 1925ರಿಂದ ಓಸ್ಲೊ ಎಂದು ಕರೆಯುವ ಊರಿನಲ್ಲಿ. ಅಲ್ಲಿನ ಸರ್ಕಾರದ ತಲೆಯಾಗಿ ರಾಜನ ಪ್ರತಿನಿಧಿಯೊಬ್ಬ ಇರುತ್ತಿದ್ದ, ಅವನಿಗೆ 'ಸ್ಟಾಟ್‌ಹೋಲ್ಡರ್' ಎಂದು ಹೆಸರು. ಕ್ರಿಸ್ಟಿಯಾನಿಯಾದಲ್ಲೂ ಒಬ್ಬರಿಗೆ ಪ್ರಧಾನಿ ಎಂಬ ಪದವಿ ಬಂದದ್ದು 1873ರಲ್ಲಿ, ಸ್ಟಾಟ್‌ಹೋಲ್ಡರ್ ಹುದ್ದೆಯನ್ನು ರದ್ದು ಮಾಡಿದಾಗ. ಅಂದಮೇಲೆ ದೂಎ ಅವರ ಕಾಲದಲ್ಲಿ ನಾರ್ವೆಗಿದ್ದ ಏಕೈಕ ಪ್ರಧಾನಿ ನಾರ್ವೆಯಲ್ಲಿ ವಾಸಿಸುತ್ತಲೇ ಇರಲಿಲ್ಲ!

ಪ್ರಶ್ನೆ: ಸಾರ್, ಫೌಜಿನವರು ಅಲ್ಲಿ ಪ್ರಧಾನಿ ಆಗುತ್ತಿದ್ದದ್ದು ಹೇಗೆ? ಚುನಾವಣೆಗೆ ನಿಲ್ಲುತ್ತಿದ್ದರೇ? ಆಡಳಿತದ ವಿದ್ಯೆ ಅವರಿಗೆ ಎಲ್ಲಿಂದ ಬಂತು?
(ನಿವೃತ್ತ ಸೈನಿಕರು, ಕಡೂರು)

ಉತ್ತರ: ಚುನಾವಣೆಯ ಮಾತೇ ಇಲ್ಲ. ಮಂತ್ರಿಗಳನ್ನು ರಾಜನೇ ಆರಿಸುತ್ತಿದ್ದ. ಮಂತ್ರಿಯಾದವರು ಶಾಸನ ಸಭೆಯಾದ ಸ್ಟೋರ್ಟಿಂಗ್‌ನಲ್ಲಿ ಕೂರುವ ಹಾಗೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ದೊಡ್ಡ ಗಲಾಟೆಯಾದದ್ದು ಇದರಿಂದಲೇ.

ವಿದ್ಯೆಯ ವಿಚಾರ ಇನ್ನೂ ಸ್ವಾರಸ್ಯಕರ. 1811ರವರೆಗೆ ನಾರ್ವೆಯಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಕಾನೂನು ಓದಬೇಕಾದರೆ ಹಡಗು ಹತ್ತಿ ಕೋಪನ್‌ಹೇಗನ್‌ಗೆ ಹೋಗಬೇಕು. ದೇಶದೊಳಗೇ ಸಿಗುತ್ತಿದ್ದ ಉನ್ನತ ವಿದ್ಯೆ ಎಂದರೆ ಮುಖ್ಯವಾಗಿ ಎರಡು: ಕೋಂಗ್ಸ್‌ಬರ್ಗ್‌ನ ಗಣಿ ವಿದ್ಯಾಲಯ, ಮತ್ತು 1750ರ ಡಿಸೆಂಬರ್‌ನಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಶುರುವಾದ ಸೈನಿಕ ಅಧಿಕಾರಿಗಳ ಶಾಲೆ. ಎರಡನೆಯದರ ಮೊದಲ ಹೆಸರು 'ಉಚಿತ ಗಣಿತ ಶಾಲೆ'. ಹೆಸರೇ ಹೇಳುವಂತೆ ಅಲ್ಲಿನ ತಳಪಾಯ ಗಣಿತ. ಕೋಟೆ ಕಟ್ಟಲು, ಫಿರಂಗಿಯ ಗುರಿ ಲೆಕ್ಕ ಹಾಕಲು, ನೆಲ ಅಳೆದು ನಕ್ಷೆ ಬರೆಯಲು ಗಣಿತ ಬೇಕೇ ಬೇಕು. ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆಯ ಎಂಟು ಮೂಲೆಗಳ ನಕ್ಷತ್ರವನ್ನು ನೋಡಿದವರಿಗೆ ಇದು ಗೊತ್ತಾಗುತ್ತದೆ. ಒಂದು ಮೂಲೆಯ ಕೋನ ತಪ್ಪಿದರೆ ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹೋಗುವುದಿಲ್ಲ. ನಾರ್ವೆ–ಸ್ವೀಡನ್ ಗಡಿಯ ಭೂಮಾಪನವನ್ನು 1773ರಿಂದ ಮಾಡಿದವರೂ ಸೈನಿಕ ಅಧಿಕಾರಿಗಳೇ. ಹೀಗಾಗಿ ಲೆಕ್ಕ, ನಕ್ಷೆ, ವರದಿ ಬರೆಯುವ ಕೈ, ಊರೂರು ತಿರುಗಿದ ಅನುಭವ ಈ ನಾಲ್ಕೂ ಇದ್ದ ಜನ ಸೈನ್ಯದಲ್ಲಿದ್ದರು. ಹೊಸ ರಾಜ್ಯಕ್ಕೆ ಬೇಕಾಗಿದ್ದದ್ದೂ ಅಂಥವರೇ.

ಐಡ್ಸ್‌ವೊಲ್ ಸಭೆಯ 112 ಜನರಲ್ಲಿ 33 ಜನ ಭೂಸೇನೆ, ನೌಕಾಸೇನೆಗಳ ಪ್ರತಿನಿಧಿಗಳು. ದಳದಳವೂ ತನ್ನವರನ್ನು ಆರಿಸಿ ಕಳಿಸಿತ್ತು. ಬರ್ಗೆನ್‌ನ ಫಿರಂಗಿ ದಳದಿಂದ ಬಂದ ಪೇಟರ್ ಮೊಟ್ಸ್‌ಫೆಲ್ಟ್ ಮುಂದೆ 1837ರವರೆಗೆ ಮಂತ್ರಿ ಪದವಿಯಲ್ಲಿದ್ದರು. ಸೈನಿಕ ಶಾಲೆಯ ಮುಖ್ಯಸ್ಥರಾಗಿದ್ದ ಡಿಡೆರಿಕ್ ಹೆಗರ್ಮನ್, ಸೈನ್ಯದ ಸೇವೆ ರೈತರ ಮಕ್ಕಳ ಮೇಲೆ ಮಾತ್ರ ಬೀಳಬಾರದು, ಎಲ್ಲ ಪ್ರಜೆಗಳಿಗೂ ಸಮನಾಗಿರಬೇಕು ಎಂದು ವಾದಿಸಿದರು. ಅದು ಸಂವಿಧಾನಕ್ಕೆ ಸೇರಿತು, ಪೂರ್ತಿ ಜಾರಿಗೆ ಬರಲು ಮಾತ್ರ ದಶಕಗಳೇ ಹಿಡಿದವು. ಕುದುರೆ ದಳದ ವಾಲೆಂಟಿನ್ ಸಿಬ್ಬರ್ನ್ ಕೂಡ ಅಲ್ಲಿದ್ದರು, ಮುಂದೆ ಮಂತ್ರಿಯಾದರು.

ದೂಎ ಹುಟ್ಟಿದ್ದು 1796ರಲ್ಲಿ, ಟ್ರಾಂಡ್‌ಹೈಮ್‌ನಲ್ಲಿ. 1814ರಲ್ಲಿ ಅವರಿಗೆ ಕೇವಲ 18. ಸಂವಿಧಾನ ಬರೆದವರ ತಲೆಮಾರಿಗೆ ಅವರು ಸೇರಿದವರಲ್ಲ, ಅದರಡಿ ಬೆಳೆದ ಮೊದಲ ತಲೆಮಾರಿನವರು. ಅವರ ಪತ್ನಿ ಆಲೆಟ್ ಅದೇ ವಾಲೆಂಟಿನ್ ಸಿಬ್ಬರ್ನ್ ಅವರ ಮಗಳು, ಹಾಡುಗಾರ್ತಿ, ಸ್ವರ ಸಂಯೋಜಕಿ. 1858ರಲ್ಲಿ ದೂಎ ಹುದ್ದೆ ಬಿಟ್ಟು ವಿಯೆನ್ನಾಕ್ಕೆ ರಾಯಭಾರಿಯಾಗಿ ಹೋದ ಮೇಲೆ ಆ ಕುರ್ಚಿಗೆ ಬಂದ ಗೇಯೊರ್ಗ್ ಸಿಬ್ಬರ್ನ್ ಆಲೆಟ್ ಅವರ ತಮ್ಮ. ಮಾವ ಮಂತ್ರಿ, ಅಳಿಯ ಪ್ರಧಾನಿ, ಆಮೇಲೆ ಭಾವಮೈದುನ ಪ್ರಧಾನಿ! ದೇಶ ಚಿಕ್ಕದು, ಓದಿದ ಅಧಿಕಾರಿ ಕುಟುಂಬಗಳು ಇನ್ನೂ ಕಡಿಮೆ. ಸಾಮರ್ಥ್ಯ ಬೇಕಿತ್ತು ನಿಜ, ನೆಂಟಸ್ತಿಕೆಯೂ ಕೆಲಸ ಮಾಡುತ್ತಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಪ್ರಶ್ನೆ: ಇಲಾಖೆಗಳೆಲ್ಲ ಒಂದು ಊರಿನಲ್ಲಿ, ರಾಜ ಮತ್ತು ಪ್ರಧಾನಿ ಇನ್ನೊಂದು ಊರಿನಲ್ಲಿ. ಕಡತ ಹೇಗೆ ಚಲಿಸುತ್ತಿತ್ತು? ಪ್ರಧಾನಿಯ ನಿಜವಾದ ಕೆಲಸ ಏನು?
(ತಾಲ್ಲೂಕು ಕಚೇರಿ ನೌಕರರು, ತರೀಕೆರೆ)

ಉತ್ತರ: ಕಚೇರಿಯಲ್ಲಿ ಕೂತು ಕೆಲಸ ಮಾಡುವವರೇ ಕೇಳಬಹುದಾದ ಪ್ರಶ್ನೆ. ಒಂದು ಉದಾಹರಣೆ ಹಿಡಿದು ಹೇಳುತ್ತೇವೆ. ಪಶ್ಚಿಮ ಕರಾವಳಿಯ ಒಂದು ಊರಿಗೆ ಪಾದ್ರಿಯನ್ನು ನೇಮಿಸಬೇಕು ಎಂದುಕೊಳ್ಳಿ. ಪಾದ್ರಿ, ನ್ಯಾಯಾಧೀಶ, ಸೈನ್ಯಾಧಿಕಾರಿ ಈ ಮೂರೂ ರಾಜನೇ ನೇಮಿಸಬೇಕಾದ ಹುದ್ದೆಗಳು.

ಮೊದಲು ಕ್ರಿಸ್ಟಿಯಾನಿಯಾದ ಧಾರ್ಮಿಕ ಇಲಾಖೆ ಅರ್ಜಿಗಳನ್ನು ತರಿಸಿ, ಯೋಗ್ಯತೆ ನೋಡಿ, ಇಂಥವರಿಗೆ ಕೊಡಬಹುದು ಎಂದು ಶಿಫಾರಸು ಬರೆಯುತ್ತದೆ. ಅದು ಅಲ್ಲಿನ ಮಂತ್ರಿಮಂಡಲದ ಮುಂದೆ ಬರುತ್ತದೆ. ಚರ್ಚೆಯಾಗಿ, ಒಪ್ಪದವರಿದ್ದರೆ ಅವರ ಅಭಿಪ್ರಾಯವೂ ಸೇರಿ, ನಡಾವಳಿಯಲ್ಲಿ ದಾಖಲಾಗುತ್ತದೆ. ಅಲ್ಲಿಂದ ಕಾಗದ ಸ್ಟಾಕ್‌ಹೋಮ್‌ಗೆ ಹೊರಡುತ್ತದೆ. ದಾರಿ 500 ಕಿಲೋಮೀಟರಿಗೂ ಹೆಚ್ಚು, ಅಂದರೆ ಹಾಸನದಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದಷ್ಟು. ದೂಎ ಅವರ ಕಾಲದಲ್ಲಿ ಇದು ಪೂರಾ ಕುದುರೆ ಗಾಡಿಯ ದಾರಿ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುಗಾಡಿ. ನಾರ್ವೆಗೆ ಮೊದಲ ರೈಲು ಬಂದದ್ದೇ 1854ರಲ್ಲಿ, ಅದೂ ಕ್ರಿಸ್ಟಿಯಾನಿಯಾದಿಂದ ಐಡ್ಸ್‌ವೊಲ್‌ವರೆಗೆ 68 ಕಿಲೋಮೀಟರ್ ಮಾತ್ರ. ಎರಡೂ ರಾಜಧಾನಿಗಳ ನಡುವೆ ರೈಲು ಓಡಲು 1871 ಬರಬೇಕಾಯಿತು.

ಸ್ಟಾಕ್‌ಹೋಮ್‌ನಲ್ಲಿ ಪ್ರಧಾನಿ ಮತ್ತು ಆ ಇಬ್ಬರು ಮಂತ್ರಿಗಳು ಕಡತವನ್ನು ಓದಿ ರಾಜನ ಮುಂದೆ ಮಂಡಿಸಬೇಕು. ದೂಎ ಹುದ್ದೆಗೆ ಬಂದಾಗಿನ ರಾಜ ಕಾರ್ಲ್ ಯೋಹಾನ್, ಒಂದು ಕಾಲಕ್ಕೆ ನೆಪೋಲಿಯನ್‌ನ ಮಾರ್ಷಲ್ ಆಗಿದ್ದ ಬರ್ನಾಡೊಟ್. ಅವನಿಗೆ ಸ್ವೀಡಿಷ್ ಭಾಷೆಯೂ ಬರಲಿಲ್ಲ, ನಾರ್ವೆಯವರ ಭಾಷೆಯೂ ಬರಲಿಲ್ಲ. ಕೊನೆಯವರೆಗೂ ಫ್ರೆಂಚ್. ಹಾಗಾಗಿ ಮಂಡಿಸುವುದೆಂದರೆ ಓದಿ ಹೇಳುವುದಲ್ಲ, ವಿಷಯವನ್ನು ಇನ್ನೊಂದು ಭಾಷೆಗೆ ತಿರುಗಿಸಿ ಒಪ್ಪಿಸುವುದು. 1844ರಲ್ಲಿ ಅವನ ಮಗ ಮೊದಲನೇ ಆಸ್ಕರ್ ಪಟ್ಟಕ್ಕೆ ಬಂದ ಮೇಲೆ ಈ ತೊಡಕು ತಪ್ಪಿತು.

ಈಗ ಆ ಹಾಳೆಯನ್ನೇ ಹತ್ತಿರದಿಂದ ನೋಡಿ. ರಾಜನ ತೀರ್ಮಾನ, ಅದರ ಕೆಳಗೆ ರಾಜನ ರುಜು, ಜೊತೆಗೆ ಪ್ರಧಾನಿಯ ಮೇಲುರುಜು. ಸಂವಿಧಾನದ 31ನೇ ಕಲಮಿನ ಪ್ರಕಾರ ರಾಜ ಹೊರಡಿಸುವ ಆದೇಶಗಳಿಗೆಲ್ಲ ಈ ಮೇಲುರುಜು ಇರಲೇಬೇಕು. ಸೈನ್ಯದ ನೇರ ಆಜ್ಞೆಗಳಿಗೆ ಮಾತ್ರ ವಿನಾಯಿತಿ. ಸೈನ್ಯದಿಂದ ಬಂದವನೊಬ್ಬ ಆ ಕುರ್ಚಿಯಲ್ಲಿ ಕಲಿಯಬೇಕಾದ ವ್ಯತ್ಯಾಸ ಇಲ್ಲಿದೆ. ದಂಡಿನಲ್ಲಿ ಆಜ್ಞೆ ಬಂದರೆ ಪಾಲಿಸಬೇಕು. ಮಂತ್ರಿಯಾದರೆ, 30ನೇ ಕಲಮಿನ ಪ್ರಕಾರ, ರಾಜನ ತೀರ್ಮಾನ ಕಾನೂನಿಗೆ ವಿರುದ್ಧ ಅಥವಾ ದೇಶಕ್ಕೆ ಸ್ಪಷ್ಟವಾಗಿ ಹಾನಿಕರ ಅನ್ನಿಸಿದರೆ ಬಲವಾಗಿ ಆಕ್ಷೇಪಿಸಿ, ಆ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಬೇಕು. ಬರೆಸದೆ ಸುಮ್ಮನಿದ್ದರೆ ಒಪ್ಪಿದ ಹಾಗೆ ಲೆಕ್ಕ, ಮುಂದೆ ವಿಚಾರಣೆಗೆ ಗುರಿಯಾಗಬಹುದು. ರಾಜನ ಮೇಲೆ ಮೊಕದ್ದಮೆ ಹಾಕುವಂತಿಲ್ಲ. ಹೊಣೆಯೆಲ್ಲ ಮಂತ್ರಿಯದೇ.

ಎಡವಟ್ಟು ಎಲ್ಲಿ ಆಗುತ್ತಿತ್ತು? ಪ್ರಧಾನಿ ರಾಜನ ಪಕ್ಕದಲ್ಲಿ ಇರುತ್ತಾನೆ, ಆದರೆ ಅವನ ಕೈಯಲ್ಲಿ ಇಲಾಖೆ ಇಲ್ಲ, ಗುಮಾಸ್ತರ ಪಡೆ ಇಲ್ಲ. ಇಲಾಖೆ ಇರುವವರಿಗೆ ರಾಜನ ಮುಖ ಕಾಣುವುದಿಲ್ಲ. ಕಡತದಲ್ಲಿ ಒಂದು ವಿವರ ಸಾಲದಿದ್ದರೆ ವಾಪಸು ಕಳಿಸಬೇಕು, ಅದು ಹೋಗಿ ಬರುವಷ್ಟರಲ್ಲಿ ವಾರಗಳು. ಕಳಿಸದೆ ಅಲ್ಲೇ ಸರಿಪಡಿಸಿದರೆ, 'ನಮ್ಮನ್ನು ಕೇಳದೆ ತಿದ್ದಿದರು' ಎಂದು ಕ್ರಿಸ್ಟಿಯಾನಿಯಾದವರ ಮುನಿಸು. ಬಹಳ ದಿನ ಸ್ಟಾಕ್‌ಹೋಮ್‌ನಲ್ಲಿ ಇದ್ದವನನ್ನು ತವರಿನವರು 'ಆಸ್ಥಾನದವನಾದ' ಎಂದು ಅನುಮಾನಿಸುವುದು ಸಹಜ. ದೂಎ 17 ವರ್ಷ ಇದ್ದರು. ಆ ಹುದ್ದೆಯಲ್ಲಿ ಅಷ್ಟು ಕಾಲ ಇದ್ದವರು ಬೇರೆ ಯಾರೂ ಇಲ್ಲ.

ವಿದೇಶ ವ್ಯವಹಾರದಲ್ಲಿ ಒಂದು ಸಣ್ಣ ಬಾಗಿಲು ತೆರೆದಿತ್ತು. ನಾರ್ವೆಗೆ ಸಂಬಂಧಿಸಿದ ವಿಷಯ ಚರ್ಚೆಗೆ ಬಂದಾಗ ನಾರ್ವೆಯ ಪ್ರಧಾನಿಯೂ ಸಭೆಯಲ್ಲಿ ಕೂರಬಹುದು ಎಂದು 1835ರಲ್ಲಿ ತೀರ್ಮಾನವಾಗಿತ್ತು. ದೂಎ ಅವರ ಅವಧಿಯಲ್ಲಿ, 1855ರ ನವೆಂಬರ್‌ನಲ್ಲಿ, ರಷ್ಯಾ ಮೇಲೆ ಬಿದ್ದರೆ ಕಾಪಾಡುವುದಾಗಿ ಬ್ರಿಟನ್ ಮತ್ತು ಫ್ರಾನ್ಸ್ ಒಪ್ಪಂದ ಮಾಡಿಕೊಂಡದ್ದು ಎರಡೂ ರಾಜ್ಯಗಳ ಪರವಾಗಿ.

ಪ್ರಶ್ನೆ: ಕಬ್ಬನ್‌ಗೂ ಇವರಿಗೂ ಹೋಲಿಕೆ ಸರಿಯೇ?
(ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ಕಾಲ ಮತ್ತು ಹಿನ್ನೆಲೆ ಮಟ್ಟಿಗೆ ಸರಿ, ಅಧಿಕಾರದ ಮಟ್ಟಿಗೆ ಅಲ್ಲ. ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್. ನಿಮ್ಮ ಮಲೆನಾಡೂ ಸೇರಿ ಇಡೀ ಮೈಸೂರು ಸೀಮೆಯ ಕಂದಾಯ, ರಸ್ತೆ, ನ್ಯಾಯ ಎಲ್ಲ ಅವರ ಕೈ ಕೆಳಗೆ. ಕೇಳುವ ಶಾಸನ ಸಭೆ ಇಲ್ಲಿ ಇರಲೇ ಇಲ್ಲ, ಮೇಲೆ ಉತ್ತರ ಕೊಡಬೇಕಾದದ್ದು ಕಂಪನಿ ಸರ್ಕಾರಕ್ಕೆ. ದೂಎ ಕೈಯಲ್ಲಿ ಇದ್ದದ್ದು ಮೇಲುರುಜು. ತೆರಿಗೆ ಹಾಕುವುದು, ಹಣ ಮಂಜೂರು ಮಾಡುವುದು ಸ್ಟೋರ್ಟಿಂಗ್‌ನ ಹಕ್ಕು. ಆದರೆ ಆ ಸಭೆ ಆಗ ಮೂರು ವರ್ಷಕ್ಕೊಮ್ಮೆ ಮಾತ್ರ ಸೇರುತ್ತಿತ್ತು. ನಡುವಿನ ಕಾಲದಲ್ಲಿ ಅಧಿಕಾರಿಗಳದ್ದೇ ರಾಜ್ಯಭಾರ. ದೂಎ ಅವರ 17 ವರ್ಷ ಹೆಚ್ಚು ಅಬ್ಬರವಿಲ್ಲದೆ ಕಳೆಯಲು ಅದೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. ಸ್ಟೋರ್ಟಿಂಗ್ ಪ್ರತಿ ವರ್ಷ ಸೇರಲು ಶುರುವಾದದ್ದು 1871ರಿಂದ.

ಪ್ರಶ್ನೆ: 1844ರಲ್ಲಿ ನಾರ್ವೆಯ ಬಾವುಟ ಬದಲಾಯಿತು ಎಂದು ಓದಿದೆ. ಮಕ್ಕಳಿಗೆ ಬಿಡಿಸಿ ತೋರಿಸಬೇಕು. ಹೇಗಿತ್ತು, ಏಕೆ ಬದಲಾಯಿತು?
(ಪ್ರೌಢಶಾಲಾ ಶಿಕ್ಷಕಿ, ಬೇಲೂರು)

ಉತ್ತರ: ಮೊದಲು ಮೂಲ ಬಾವುಟ ಬಿಡಿಸಿ. ಕೆಂಪು ನೆಲ, ಅದರ ಮೇಲೆ ಬಿಳಿ ಅಂಚಿನ ನೀಲಿ ಶಿಲುಬೆ, ಶಿಲುಬೆಯ ಉದ್ದ ಪಟ್ಟಿ ಕಂಬದ ಕಡೆಗೆ ಸರಿದಿರಬೇಕು. ಇದು 1821ರ ವಿನ್ಯಾಸ. ಈಗ ಕಂಬದ ಪಕ್ಕದ ಮೇಲಿನ ಚೌಕವನ್ನು ಖಾಲಿ ಬಿಡಿ. ಆ ಚೌಕಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ನಾಲ್ಕು ತ್ರಿಕೋನ ಸಿಗುತ್ತವೆ. ಮೇಲಿನದು, ಕೆಳಗಿನದು ಕೆಂಪು. ಎಡ, ಬಲ ನೀಲಿ. ನಡುವೆ ನಿಲುವಾಗಿ ಬಿಳಿ ಅಂಚಿನ ನೀಲಿ ಪಟ್ಟಿ, ಅಡ್ಡಕ್ಕೆ ಸ್ವೀಡನ್‌ನ ಹಳದಿ ಪಟ್ಟಿ. ಮಕ್ಕಳು ಮಾಡುವ ತಪ್ಪು ಹಳದಿಯನ್ನು ನಿಲುವಾಗಿಯೂ ಎಳೆಯುವುದು, ಹಾಗೆ ಮಾಡಿದರೆ ಅದು ಬರೀ ಸ್ವೀಡನ್‌ನ ಗುರುತಾಗಿಬಿಡುತ್ತದೆ. ಇದೇ ಚೌಕ ಸ್ವೀಡನ್‌ನ ಬಾವುಟದಲ್ಲೂ ಇತ್ತು.

ಕಾರಣ ಸಮಾನತೆ. ದೂರದ ದಕ್ಷಿಣ ಸಮುದ್ರಗಳಲ್ಲಿ ಉತ್ತರ ಆಫ್ರಿಕಾದ ಕಡಲ್ಗಳ್ಳರ ಭಯ. ಅವರೊಡನೆ ಒಪ್ಪಂದವಿದ್ದದ್ದು ಸ್ವೀಡನ್‌ಗೆ, ಆದ್ದರಿಂದ ನಾರ್ವೆಯ ಹಡಗುಗಳು ಅಲ್ಲಿ ಬಹಳ ಕಾಲ ಸ್ವೀಡನ್ ಬಾವುಟದಡಿ ಹೋಗಬೇಕಿತ್ತು. 1838ರಲ್ಲಿ ತಮ್ಮ ಬಾವುಟ ಎಲ್ಲ ಕಡಲಲ್ಲೂ ಹಾರಿಸಲು ಒಪ್ಪಿಗೆ ಸಿಕ್ಕಿತು. 1844ರಲ್ಲಿ ಹೊಸ ರಾಜ ಆಸ್ಕರ್, ಎರಡೂ ದೇಶಗಳ ಬಾವುಟದಲ್ಲಿ ಒಂದೇ ಅಳತೆಯ ಗುರುತು ಎಂದು ಆದೇಶಿಸಿದ. ನಾರ್ವೆಯ ಕಾಗದಪತ್ರಗಳಲ್ಲಿ ತನ್ನನ್ನು 'ನಾರ್ವೆ ಮತ್ತು ಸ್ವೀಡನ್‌ನ ರಾಜ' ಎಂದು ನಾರ್ವೆಯನ್ನು ಮುಂದಿಟ್ಟು ಬರೆಯಲು ಶುರು ಮಾಡಿದ್ದೂ ಆಗಲೇ. ಅಂದು ಜನ ಸಂತೋಷಪಟ್ಟರು. ತಲೆಮಾರು ಕಳೆದ ಮೇಲೆ ಅದೇ ಚೌಕಕ್ಕೆ, ಬಣ್ಣ ಕಲಸಿದ್ದು ನೋಡಿ, 'ಹೆರಿಂಗ್ ಮೀನಿನ ಸಲಾಡ್' ಎಂದು ಹೆಸರಿಟ್ಟರು. 1893, 1896, 1898 ಹೀಗೆ ಮೂರು ಸಲ ಸ್ಟೋರ್ಟಿಂಗ್ ಕಾನೂನು ಮಾಡಿ ವ್ಯಾಪಾರಿ ಹಡಗುಗಳ ಬಾವುಟದಿಂದ ಅದನ್ನು ತೆಗೆಸಿತು.

ಪ್ರಶ್ನೆ: ಮೂರು ಸಲ ಏಕೆ? ಇನ್ನೊಂದು, ದೂಎ ಅವರಂತೆಯೇ ಸೈನ್ಯದಿಂದ ಬಂದ ಮತ್ತೊಬ್ಬ ಪ್ರಧಾನಿಗೆ ಶಿಕ್ಷೆಯಾಯಿತಂತೆ. ಏನು ಅಪರಾಧ?
(ಕಾನೂನು ವಿದ್ಯಾರ್ಥಿ, ಸಕಲೇಶಪುರ)

ಉತ್ತರ: ಎರಡು ಪ್ರಶ್ನೆಗೂ ಬೇರು ಒಂದೇ. ರಾಜ ಒಂದು ಕಾನೂನಿಗೆ ಒಪ್ಪಿಗೆ ಕೊಡದಿರಬಹುದು. ಆದರೆ ಚುನಾವಣೆಗಳಾಗಿ ಬಂದ ಮೂರು ಬೇರೆ ಬೇರೆ ಸ್ಟೋರ್ಟಿಂಗ್‌ಗಳು ಅದನ್ನೇ ಮತ್ತೆ ಅಂಗೀಕರಿಸಿದರೆ ರಾಜನ ಒಪ್ಪಿಗೆ ಇಲ್ಲದೆಯೂ ಅದು ಜಾರಿಗೆ ಬರುತ್ತದೆ. ಇದು 79ನೇ ಕಲಮು. ಶ್ರೀಮಂತ ವರ್ಗದ ಬಿರುದು, ಸವಲತ್ತುಗಳನ್ನು 1821ರಲ್ಲಿ ರದ್ದು ಮಾಡಿದ್ದೂ 1815, 1818, 1821 ಈ ಮೂರು ಸ್ಟೋರ್ಟಿಂಗ್‌ಗಳ ಹಠದಿಂದ.

ತೊಡಕು ಇದ್ದದ್ದು ಸಂವಿಧಾನದ ತಿದ್ದುಪಡಿಯಲ್ಲಿ. ಅದಕ್ಕೆ ಬೇರೆಯೇ ಕಲಮು, 112ನೆಯದು, ರಾಜನ ಒಪ್ಪಿಗೆ ಬೇಕೋ ಬೇಡವೋ ಎಂಬುದನ್ನು ಅದು ಹೇಳುವುದೇ ಇಲ್ಲ. ಮಂತ್ರಿಗಳು ಸ್ಟೋರ್ಟಿಂಗ್‌ಗೆ ಬಂದು ಮಾತಾಡಬೇಕು, ಉತ್ತರ ಕೊಡಬೇಕು ಎಂಬ ತಿದ್ದುಪಡಿ 1874, 1877, 1880ರಲ್ಲಿ ಅಂಗೀಕಾರವಾಯಿತು. ಎರಡನೇ ಆಸ್ಕರ್ ಮೂರು ಸಲವೂ ತಿರಸ್ಕರಿಸಿದ. 1880ರ ಜೂನ್ 9ರಂದು ಸ್ಟೋರ್ಟಿಂಗ್, ಒಪ್ಪಿಗೆ ಇಲ್ಲದಿದ್ದರೂ ಇದು ಸಂವಿಧಾನವೇ ಎಂದು ಘೋಷಿಸಿತು. ವಿಶ್ವವಿದ್ಯಾಲಯದ ಕಾನೂನು ವಿಭಾಗ ರಾಜನ ಪರ ಅಭಿಪ್ರಾಯ ಕೊಟ್ಟಿತು. 1882ರ ಚುನಾವಣೆಯಲ್ಲಿ ಜನ ಸ್ಟೋರ್ಟಿಂಗ್‌ನ ಪರ ನಿಂತರು.

ರಾಜನ ಮೇಲೆ ಮೊಕದ್ದಮೆ ಇಲ್ಲ ಎಂದು ಮೇಲೆ ಹೇಳಿದೆವಲ್ಲ, ಹಾಗಾಗಿ ಮೊಕದ್ದಮೆ ಮಂತ್ರಿಗಳ ಮೇಲೆ ಬಂತು. ಸ್ಟಾಕ್‌ಹೋಮ್‌ನಲ್ಲಿ ಆಗ ಪ್ರಧಾನಿ ಆಗಿದ್ದವರು ಒಟ್ಟೊ ರಿಚರ್ಡ್ ಶೆರುಲ್ಫ್, ಸೈನ್ಯಾಧಿಕಾರಿ, 1871ರಿಂದ ಆ ಹುದ್ದೆಯಲ್ಲಿ. ಕ್ರಿಸ್ಟಿಯಾನಿಯಾದ ಪ್ರಧಾನಿ ಕ್ರಿಶ್ಚಿಯನ್ ಸೆಲ್ಮರ್. ಇವರೂ ಸೇರಿ ಒಟ್ಟು ಹನ್ನೊಂದು ಜನರನ್ನು ವಿಶೇಷ ನ್ಯಾಯಾಲಯ ವಿಚಾರಿಸಿತು. ತಿದ್ದುಪಡಿಯ ತಿರಸ್ಕಾರದ ಜೊತೆಗೆ, ಬಂದೂಕು ತರಬೇತಿ ಸಂಘಗಳಿಗೆ ಸ್ಟೋರ್ಟಿಂಗ್ ಮಂಜೂರು ಮಾಡಿದ ಹಣ ಮತ್ತು ರೈಲ್ವೆ ಆಡಳಿತ ಮಂಡಳಿಯ ಬಗ್ಗೆ ಅದು ಮಾಡಿದ ತೀರ್ಮಾನವನ್ನು ತಡೆದದ್ದೂ ಆರೋಪದಲ್ಲಿತ್ತು. ನ್ಯಾಯಾಲಯದಲ್ಲಿ ಇದ್ದವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ಮತ್ತು ಸ್ಟೋರ್ಟಿಂಗ್‌ನ ಒಂದು ಭಾಗದ ಸದಸ್ಯರು. ಚುನಾವಣೆ ಗೆದ್ದ ಪಕ್ಷದ್ದೇ ಅಲ್ಲಿ ಬಹುಮತ. ಕಾನೂನು ವಿದ್ಯಾರ್ಥಿಯಾದ ನಿಮಗೆ ಇದು ಚುಚ್ಚಬೇಕು, ನಮಗೂ ಚುಚ್ಚುತ್ತದೆ. ತೀರ್ಪು ನ್ಯಾಯದ್ದಕ್ಕಿಂತ ರಾಜಕೀಯದ್ದು. ಆದರೂ ಸಂವಿಧಾನದಲ್ಲಿದ್ದ ದಾರಿ ಬಿಟ್ಟು ಅವರು ಹೊರಗೆ ಹೋಗಲಿಲ್ಲ, ರಕ್ತ ಹರಿಯಲಿಲ್ಲ. ಸೆಲ್ಮರ್ ಮೇಲಿನ ತೀರ್ಪು ಬಂದದ್ದು 1884ರ ಫೆಬ್ರುವರಿ 27ಕ್ಕೆ. ಶೆರುಲ್ಫ್ ಸೇರಿ ಎಂಟು ಜನ ಪದವಿ ಕಳೆದುಕೊಂಡರು, ಮೂವರಿಗೆ ದಂಡ. ಜೂನ್ 26ಕ್ಕೆ ಸ್ಟೋರ್ಟಿಂಗ್‌ನ ನಾಯಕ ಯೋಹಾನ್ ಸ್ವೆರ್ಡ್ರುಪ್ ಪ್ರಧಾನಿಯಾದರು.

ಶೆರುಲ್ಫ್ ಮಾಡಿದ್ದು ದೂಎ ಮಾಡಿದ್ದಕ್ಕಿಂತ ಬೇರೆಯೇನಲ್ಲ. ರಾಜನಿಗೆ ಸಲಹೆ ಕೊಟ್ಟರು, ತೀರ್ಮಾನದ ಹೊಣೆ ಹೊತ್ತರು. ಮೂರು ವರ್ಷಕ್ಕೊಮ್ಮೆ ಸೇರುತ್ತಿದ್ದ ಸಭೆ ವರ್ಷ ವರ್ಷ ಸೇರಿ ಬಲವಾಗಿತ್ತು, ಹುದ್ದೆ ಮಾತ್ರ 1814ರಲ್ಲಿ ಇದ್ದ ಹಾಗೇ ಇತ್ತು.

ಪ್ರಶ್ನೆ: ಆ ಹುದ್ದೆ ಯಾವಾಗ ಕೊನೆಯಾಯಿತು? ಹೆಸರಿನ ಉಚ್ಚಾರಣೆಯನ್ನೂ ತಿಳಿಸಿ.
(ಗ್ರಂಥಾಲಯ ಸಹಾಯಕರು, ಚಿಕ್ಕಮಗಳೂರು)

ಉತ್ತರ: 'ದೂಎ', ಎರಡು ಸ್ವರಗಳನ್ನೂ ಬಿಡಿಸಿ ಹೇಳಬೇಕು. ಇಂಗ್ಲಿಷಿನಂತೆ 'ಡ್ಯೂ' ಅಲ್ಲ. ಆ ಭಾಷೆಯಲ್ಲಿ ಆ ಪದಕ್ಕೆ ಪಾರಿವಾಳ ಎಂದು ಅರ್ಥ. ಅವರು ತೀರಿಕೊಂಡದ್ದು 1873ರಲ್ಲಿ.

ಹುದ್ದೆ ಕೊನೆಯಾದದ್ದು 1905ರಲ್ಲಿ. ನಾರ್ವೆಯ ಹಡಗು ವ್ಯಾಪಾರ ಬಹಳ ಬೆಳೆದು, ಹೊರದೇಶದ ಬಂದರುಗಳಲ್ಲಿ ತಮ್ಮದೇ ಕಾನ್ಸುಲ್‌ಗಳು, ಅಂದರೆ ವ್ಯಾಪಾರ ಮತ್ತು ನಾವಿಕರ ಹಿತ ನೋಡುವ ಸರ್ಕಾರಿ ಪ್ರತಿನಿಧಿಗಳು, ಬೇಕೆಂದು ಸ್ಟೋರ್ಟಿಂಗ್ ಕಾನೂನು ಮಾಡಿತು. ಮೇ 27ರಂದು ಸ್ಟಾಕ್‌ಹೋಮ್‌ನಲ್ಲಿ ಎರಡನೇ ಆಸ್ಕರ್ ಅದಕ್ಕೆ ಒಪ್ಪಿಗೆ ನಿರಾಕರಿಸಿದ. ಆಗಿನ ಪ್ರಧಾನಿ ಯೋರ್ಗೆನ್ ಲೋವ್‌ಲ್ಯಾಂಡ್ ಮತ್ತು ಜೊತೆಗಿದ್ದ ಇಬ್ಬರು ಮಂತ್ರಿಗಳು ಆ ತೀರ್ಮಾನಕ್ಕೆ ಮೇಲುರುಜು ಹಾಕಲು ಒಪ್ಪದೆ ರಾಜೀನಾಮೆ ಮುಂದಿಟ್ಟರು. ಬೇರೆ ಸರ್ಕಾರ ರಚಿಸಲು ಈಗ ಸಾಧ್ಯವಿಲ್ಲ, ಆದ್ದರಿಂದ ರಾಜೀನಾಮೆ ಸ್ವೀಕರಿಸುವುದಿಲ್ಲ ಎಂದ ರಾಜ. ಜೂನ್ 7ರಂದು ಸ್ಟೋರ್ಟಿಂಗ್ ಅವನ ಆ ಮಾತನ್ನೇ ಹಿಡಿದು, ಸರ್ಕಾರ ಕೊಡಲಾರದ ರಾಜ ರಾಜನಾಗಿ ಉಳಿದಿಲ್ಲ, ಒಬ್ಬ ರಾಜನಡಿಯ ಒಕ್ಕೂಟ ಮುಗಿಯಿತು ಎಂದು ತೀರ್ಮಾನಿಸಿತು. ಸ್ಟಾಕ್‌ಹೋಮ್‌ನ ಪ್ರಧಾನಿ ಹುದ್ದೆಯೂ ಅಂದೇ ಇಲ್ಲವಾಯಿತು.